ಹೇರಿದ ಸಂಯಮ ವ್ರತವಾಗಬಲ್ಲುದೇ?

ಕಾದಂಬರಿಗಳು ಕಾಲಹರಣದ ಸಾಧನಗಳೆಂದು ಶ್ರಾವಕರ ಮನೆಗಳಲ್ಲಿ ಹಿರಿಯರು ಅವುಗಳನ್ನು ದೂರವಿಡುವುದುಂಟು. ಆದರೆ ಧರ್ಮವಿಚಾರಕ್ಕೆ ಒರೆಗಲ್ಲಾಗುವ ಕೃತಿಗಳೂ ಇವೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಅಂತಹುದು. ಮಲೆನಾಡಿನ ನಿಜಜೀವನವೊಂದನ್ನು ಆಧರಿಸಿದ ಈ ಕೃತಿಯನ್ನು ಪ್ರೇಮಾ ಕಾರಂತರು 1983ರಲ್ಲಿ ಚಲನಚಿತ್ರವಾಗಿಸಿದರು.

ಬಾಲ್ಯದಲ್ಲಿಯೇ ವಿವಾಹವಾಗಿ, ಬಾಲ್ಯದಲ್ಲಿಯೇ ವಿಧವೆಯಾದ ಫಣಿಯಮ್ಮ ಋತುಮತಿಯಾದ ಬಳಿಕ ಆಕೆಯ ತಲೆ ಬೋಳಿಸಲಾಗುತ್ತದೆ. ಹೆಣ್ಣುಮಗಳು ತನ್ನನ್ನು ತಾನು ಅರಿಯತೊಡಗುವ ವಯಸ್ಸಿನಲ್ಲಿಯೇ ಆಕೆ ಯಾರೆಂಬುದನ್ನು ಇತರರು ತೀರ್ಮಾನಿಸಿಬಿಡುತ್ತಾರೆ. ಮಿತಾಹಾರ, ಅಲಂಕಾರತ್ಯಾಗ, ಬ್ರಹ್ಮಚರ್ಯ ಇವೆಲ್ಲ ಹೊರನೋಟಕ್ಕೆ ಆರ್ಯಿಕೆಯರ ಆಚಾರದಂತೆಯೇ ಕಾಣುತ್ತವೆ. ಹಾಗಾದರೆ ಇದು ವ್ರತವೇ?

ಅಲ್ಲ. ಆರ್ಯಿಕೆಯರು ವೈರಾಗ್ಯದಿಂದ, ಸ್ವಂತ ಇಚ್ಛೆಯಿಂದ ಕೇಶಲೋಚ ಮಾಡಿಕೊಳ್ಳುತ್ತಾರೆ. ಕೇಳದೆ ಒಬ್ಬರ ಖಾತೆಗೆ ಬರೆದ ಸಾಲ ಹೇಗೆ ಅವರ ಸಾಲವಲ್ಲವೋ, ಹಾಗೆಯೇ ಮನವೊಪ್ಪದ ತ್ಯಾಗ ತ್ಯಾಗವಲ್ಲ, ಅದು ಹಿಂಸೆ. ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಿಂದ ಪಾಪ ಬರುವುದೆಂದು ಶಾಸ್ತ್ರ ಹೇಳುತ್ತದೆ. ತಲೆ ಬೋಳಿಸಿದವನು, ಬೋಳಿಸಲು ಹೇಳಿದವರು, ನಿಂತು ನೋಡಿ ಸರಿಯೆಂದವರು, ಎಲ್ಲರೂ ಭಾಗಿಗಳೇ.

ಫಣಿಯಮ್ಮ ಕೊನೆಗೆ ಊರಿಗೇ ಪೂಜ್ಯಳಾದಳಲ್ಲವೇ ಎಂದು ಕೆಲವರು ಕೇಳಬಹುದು. ನಿಜ, ಆಕೆ ಕಹಿಯನ್ನು ಮನಸ್ಸಿನಲ್ಲಿ ಬೆಳೆಸಿಕೊಳ್ಳಲಿಲ್ಲ. ಆದರೆ ತರುಣ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ನಿರಾಕರಿಸಿದಾಗ ಆಕೆಯ ಪಕ್ಷ ವಹಿಸಿದವಳು ಇದೇ ಫಣಿಯಮ್ಮ. ತಾನು ಸಹಿಸಿದ್ದನ್ನು ಇನ್ನೊಬ್ಬಳೂ ಸಹಿಸಲೆಂದು ಆಕೆ ಹೇಳಲಿಲ್ಲ. ಆಕೆಯ ಆತ್ಮಜ್ಞಾನದ ಕುರುಹು ಇದು. ಅನ್ಯಾಯವನ್ನು ಸಹನೆಯಿಂದ ಗೆದ್ದವಳ ಪುಣ್ಯ ಅನ್ಯಾಯ ಮಾಡಿದವರ ಲೆಕ್ಕಕ್ಕೆ ಜಮಾ ಆಗದು.

ಚಂದನಾ ಸತಿಯ ಕಥೆಯೂ ಇದನ್ನೇ ಸಾರುತ್ತದೆ. ಸಂಕೋಲೆ ತೊಡಿಸಿದವರು ಆಕೆಯನ್ನು ಸಾಧ್ವಿಯನ್ನಾಗಿಸಲಿಲ್ಲ. ಬಂಧನ ಕಳಚಿದ ಮೇಲೆ ತಾನೇ ಆರಿಸಿಕೊಂಡ ದೀಕ್ಷೆಯಿಂದ ಆಕೆ ಭಗವಾನ್ ಮಹಾವೀರರ ಸಂಘದಲ್ಲಿ ಆರ್ಯಿಕೆಯರ ಪ್ರಮುಖಳಾದಳು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಗಳಿಗೂ ಈ ಪ್ರಶ್ನೆ ಹೊರಗಿನದಲ್ಲ. ಮಹಿಳಾ ವಿಶ್ವವಿದ್ಯಾಲಯವು 2003ರಲ್ಲಿ ಜಿಲ್ಲಾಕೇಂದ್ರ ವಿಜಯಪುರದಲ್ಲಿಯೇ ಸ್ಥಾಪನೆಯಾಗಿದೆ. ಹೆಣ್ಣಿಗೆ 18 ವರ್ಷ ತುಂಬದೆ ವಿವಾಹ ಸಲ್ಲದೆಂದು ಕಾನೂನಿದೆ. ಆದರೆ ಕಾನೂನು ವಯಸ್ಸನ್ನು ಎಣಿಸಬಲ್ಲುದೇ ಹೊರತು ಮನಸ್ಸನ್ನು ಕೇಳಲಾರದು. ವಿದ್ಯೆ, ವಿವಾಹ, ಉಪವಾಸ, ದೀಕ್ಷೆ, ಯಾವುದೇ ಇರಲಿ, ಮಗಳ ಮನಸ್ಸನ್ನು ಮೊದಲು ಕೇಳುವುದು ಹಿರಿಯರ ಅಹಿಂಸೆ. ಬಸದಿಯ ಗ್ರಂಥಭಂಡಾರದಲ್ಲಿ ಪುರಾಣಗಳ ಬದಿಗೆ ‘ಫಣಿಯಮ್ಮ’ನಿಗೂ ಒಂದಿಷ್ಟು ಸ್ಥಳವಿದ್ದರೆ ಧರ್ಮಕ್ಕೆ ಕುಂದಿಲ್ಲ.