ಔಷಧಿ ಚೀಟಿ ಯಾರ ಹೆಸರಿಗೆ?



ಈ ಸಂಚಿಕೆಗೆ 'ಬೇಸಿಗೆಯಲ್ಲಿ ಆರೋಗ್ಯ' ಎಂಬ ವಿಷಯವಾಗಿ ಎರಡು ಪುಟ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದರು. ಮಜ್ಜಿಗೆ, ನಿಂಬೆ ಪಾನಕ, ಹತ್ತಿ ಬಟ್ಟೆ ಎಂದು ಬರೆದಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಆದರೆ ಪೆನ್ನು ಹಿಡಿದು ಕುಳಿತಾಗ ಒಬ್ಬ ರೋಗಿಯ ಮುಖ ಎದುರಿಗೆ ಬಂದು ನಿಂತಿತು, ಲೇಖನ ದಾರಿ ತಪ್ಪಿತು. ಸಂಪಾದಕರು ಕ್ಷಮಿಸಬೇಕು.

ವೆಸ್ಟ್ ಬೇಯ ಗೋಪುರಗಳ ನಡುವೆ ಕುಳಿತು ರೋಗಿಗಳನ್ನು ನೋಡುವ ನಮಗೆ ಎರಡು ಬಗೆಯ ಜನ ಸಿಗುತ್ತಾರೆ. ಮೇಲಿನ ಮಹಡಿಗಳಿಂದ ಲಿಫ್ಟಿನಲ್ಲಿ ಇಳಿದು ಬರುವವರು. ಆ ಲಿಫ್ಟಿನ ಕನ್ನಡಿ ಒರೆಸುವವರು, ಬಾಗಿಲು ಕಾಯುವವರು. ಈತ ಎರಡನೆಯ ಬಗೆಯವನು. ರಾಯಚೂರು ಕಡೆಯ ಹುಡುಗ, ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ ಸೆಕ್ಯುರಿಟಿ ಕೆಲಸ. ಎರಡು ವರ್ಷದಲ್ಲಿ ಮೂರನೆಯ ಬಾರಿ ಮೂತ್ರಪಿಂಡದ ಕಲ್ಲು. ನೋವು ಇಳಿದ ಮೇಲೆ ನಾವು ಎಂದಿನ ಉಪದೇಶ ಶುರು ಮಾಡಿದೆವು: ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕಪ್ಪ. ಆತ ನಕ್ಕುಬಿಟ್ಟ. "ಸರ್, ನೀರು ಕುಡಿಯೋದು ದೊಡ್ಡ ಮಾತಲ್ರಿ. ಕುಡಿದ ಮ್ಯಾಲೆ ಹೋಗೋದೆಲ್ಲಿ?"

ಕೇಳಿದರೆ ವಿಷಯ ಇಷ್ಟು. ಶೌಚಾಲಯ ಎರಡು ಮಹಡಿ ಮೇಲೆ. ಜಾಗ ಬಿಟ್ಟು ಹೋಗಬೇಕಾದರೆ ಬದಲಿ ಆಳು ಬರಬೇಕು. ಬದಲಿ ಆಳು ಬೇಕಾದರೆ ಸೂಪರ್‌ವೈಸರನನ್ನು ಕರೆಯಬೇಕು, ಆತ ಪುಸ್ತಕದಲ್ಲಿ ಸಮಯ ಬರೆದುಕೊಳ್ಳುತ್ತಾನೆ. ಹನ್ನೆರಡು ಗಂಟೆಯ ಡ್ಯೂಟಿ. ಹಾಗಾಗಿ ಹುಡುಗ ನೀರೇ ಕುಡಿಯುವುದಿಲ್ಲ.

ನಾವು ಮೂರು ಬಾರಿ ಅವನ ಹೆಸರಿಗೆ ಚೀಟಿ ಬರೆದಿದ್ದೆವು. ಪಾಲಿಸುವ ಅಧಿಕಾರ ಅವನ ಕೈಯಲ್ಲಿರಲಿಲ್ಲ.

ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುವಾಗ ಕೆ.ಆರ್. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಹೆಸರು, ವಯಸ್ಸು ಆದ ಮೇಲೆ 'ಕಸುಬು' ಎಂದು ಒಂದು ಸಾಲು ಇರುತ್ತಿತ್ತು. 'ಕೂಲಿ' ಎಂದು ಬರೆದು ಮುಂದಕ್ಕೆ ಹೋಗುತ್ತಿದ್ದೆವು. ಆ ಪ್ರಶ್ನೆಗೆ ಒಬ್ಬ ಹಿರಿಯನಿದ್ದಾನೆ ಎಂದು ತಿಳಿದದ್ದು ಬಹಳ ಕಾಲದ ಮೇಲೆ. ಇಟಲಿಯ ವೈದ್ಯ ರಾಮಾಝಿನಿ 1700ರಲ್ಲಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಬರೆದ. ರೋಗಿಯನ್ನು ಕೇಳುವ ಪ್ರಶ್ನೆಗಳ ಜತೆ 'ನಿನ್ನ ಕಸುಬೇನು' ಎಂಬುದನ್ನೂ ಸೇರಿಸಿಕೊಳ್ಳಿ ಎಂದು ವೈದ್ಯರಿಗೆ ಹೇಳಿದವನು ಅವನು. ಈ ಆಸಕ್ತಿ ಹುಟ್ಟಿದ್ದು ಅವನ ಮನೆಯಲ್ಲೇ. ಮನೆಯ ಮಲದ ಗುಂಡಿ ತೆಗೆಯಲು ಬಂದಾತ ಒಂದೇ ಸಮನೆ ಆತುರಾತುರವಾಗಿ ದುಡಿಯುತ್ತಿದ್ದ. ಯಾಕಪ್ಪ ಇಷ್ಟು ಅವಸರ ಎಂದು ಕೇಳಿದರೆ, ಹೆಚ್ಚು ಹೊತ್ತು ಒಳಗಿದ್ದರೆ ಕಣ್ಣು ಹೋಗುತ್ತದೆ ಎಂದನಂತೆ. ಆ ಪಂಡಿತ ಕಿಟಕಿಯಿಂದ ನೋಡಿ ಸುಮ್ಮನಾಗಲಿಲ್ಲ, ಕೇಳಿದ. ನಮಗೆ ಅದು ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಸಂಗತಿಯೂ ನಮ್ಮ ವೃತ್ತಿಯದೇ. ಲಂಡನ್ನಿನ ಸರ್ಕಾರಿ ನೌಕರರನ್ನು 1967ರಿಂದ ವರ್ಷಗಟ್ಟಲೆ ಪರೀಕ್ಷಿಸಿದ ವೈಟ್‌ಹಾಲ್ ಅಧ್ಯಯನ ನಡೆಯಿತು. ಹೃದಯಾಘಾತ ಆಗುವುದು ಜವಾಬ್ದಾರಿ ಹೊತ್ತ ದೊಡ್ಡ ಸಾಹೇಬರಿಗೆ ಎಂದು ಎಲ್ಲರೂ ನಂಬಿದ್ದ ಕಾಲ. ಲೆಕ್ಕ ತಿರುಗಿ ಬಂತು: ಅತಿ ಕೆಳ ದರ್ಜೆಯವರಲ್ಲಿ ಹೃದ್ರೋಗದ ಸಾವು ಮೇಲಿನವರಿಗಿಂತ ಸುಮಾರು ಮೂರು ಪಟ್ಟು. ಬೀಡಿ ಸಿಗರೇಟು, ರಕ್ತದೊತ್ತಡಗಳು ಈ ಅಂತರದ ಒಂದು ಭಾಗವನ್ನು ಮಾತ್ರ ವಿವರಿಸಿದವು. 1985ರಲ್ಲಿ ಶುರುವಾದ ಎರಡನೆಯ ಅಧ್ಯಯನ ಇನ್ನೊಂದು ಎಳೆ ಹಿಡಿಯಿತು. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವನ ಹೃದಯಕ್ಕೆ ಅಪಾಯ ಹೆಚ್ಚು. ಯಾವಾಗ ಎದ್ದು ನೀರು ಕುಡಿಯಬೇಕು ಎಂಬುದನ್ನು ಇನ್ನೊಬ್ಬರು ತೀರ್ಮಾನಿಸುವ ಸ್ಥಿತಿ ಎಂದಿಟ್ಟುಕೊಳ್ಳಿ.

ಹಾಗಾದರೆ ಒಳ್ಳೆಯ ಮೇಲಧಿಕಾರಿ ಎಂದರೆ ಯಾರು? ನಮಗೆ ನೆನಪಾಗುವುದು ನ್ಯೂಯಾರ್ಕಿನ ರೆಸಿಡೆನ್ಸಿ ದಿನಗಳು. ಆ ರಾಜ್ಯದಲ್ಲಿ 1984ರಲ್ಲಿ ಲಿಬ್ಬಿ ಜಯಾನ್ ಎಂಬ ಹದಿನೆಂಟರ ಹುಡುಗಿ ಆಸ್ಪತ್ರೆಯಲ್ಲಿ ತೀರಿಕೊಂಡಳು, ದಣಿದ ಕಿರಿಯ ವೈದ್ಯರ ಮೇಲೆ ಎಲ್ಲವನ್ನೂ ಬಿಡಲಾಗಿತ್ತೆಂಬ ದೂರು ಎದ್ದಿತು. ಅದರ ಫಲವಾಗಿ 1989ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ಬಂತು. ನಾವು ಸೇರಿದ ಆಸ್ಪತ್ರೆಯಲ್ಲಿ ಆ ಮಿತಿ ಗೋಡೆಯ ಮೇಲಿತ್ತು, ಡ್ಯೂಟಿ ಪಟ್ಟಿಯಲ್ಲಿರಲಿಲ್ಲ. ಒಂದು ರಾತ್ರಿ ನಿಂತಲ್ಲೇ ಜೋಂಪು ಹತ್ತಿ ಪೊಟ್ಯಾಸಿಯಂ ಡೋಸನ್ನು ತಪ್ಪಾಗಿ ಬರೆದೆವು. ನರ್ಸ್ ಹಿಡಿದಳು, ರೋಗಿ ಉಳಿದ. ಬೆಳಿಗ್ಗೆ ಬೈಗುಳ ಖಂಡಿತ ಎಂದುಕೊಂಡಿದ್ದೆವು. ಚೀಫ್ ರೆಸಿಡೆಂಟ್ ಬಂದಳು, ಕೈ ಚಾಚಿದಳು, ನಮ್ಮ ಸೊಂಟದ ಪೇಜರ್ ಬಿಚ್ಚಿಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಎರಡು ಗಂಟೆ ಮಲಗು. ಆಮೇಲೆ ಮಾತಾಡೋಣ." ಆ ಮೇಲೆ ನಾಯಕತ್ವದ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇವೆ, ಪವರ್‌ಪಾಯಿಂಟ್ ನೋಡಿದ್ದೇವೆ. ಆ ಪೇಜರಿನ ಮುಂದೆ ಯಾವುದೂ ನಿಲ್ಲಲಿಲ್ಲ.

ಈಗ ನಮ್ಮ ಗೋಪುರಗಳ ಮಾತು. 'ಎಂಪ್ಲಾಯೀ ಎಕ್ಸ್‌ಪೀರಿಯನ್ಸ್' ಎಂಬ ಹೊಸ ಮಂತ್ರ ಎಲ್ಲ ಕಚೇರಿಗಳಲ್ಲೂ ಕೇಳುತ್ತಿದೆ. ನಮ್ಮ ಸಂಘದ ಅನೇಕ ಮಿತ್ರರು ಅಲ್ಲಿ ಮ್ಯಾನೇಜರುಗಳು. ನಲವತ್ತು ಪ್ರಶ್ನೆಯ ಸರ್ವೆ, ಗುರುವಾರ ಪಿಜ್ಜಾ, ಯೋಗ ದಿನ. ನಗಬೇಕಾಗಿಲ್ಲ, ಕೇಳದೇ ಇರುವುದಕ್ಕಿಂತ ಕೇಳುವುದು ಮೇಲು. ಆದರೆ ಆ ಸರ್ವೆ ನೆಲಮಾಳಿಗೆಗೆ ಇಳಿಯುವುದಿಲ್ಲ. ಕಾವಲಿನವನು, ಟೀ ತರುವವನು ಗುತ್ತಿಗೆದಾರನ ಪಟ್ಟಿಯವರು. ದಿನಾ 'ಗುಡ್ ಮಾರ್ನಿಂಗ್' ಹೇಳುವವನು ನಮ್ಮ ನೌಕರನಲ್ಲ, ಆದ್ದರಿಂದ ಅವನ ಅನುಭವ ನಮ್ಮ ಲೆಕ್ಕಕ್ಕಿಲ್ಲ. ಸಂಬಳದ ಪಟ್ಟಿ ಮುಗಿದಲ್ಲಿ ನಮ್ಮ ಹೊಣೆಯೂ ಮುಗಿಯಿತೇ?

ಒಬ್ಬ ಮಿತ್ರರು ವಾದಿಸಿದರು: "ಡಾಕ್ಟ್ರೇ, ಅದಕ್ಕೆ ಕಾನೂನಿದೆ. ಎಲ್ಲರ ಚಿಂತೆ ನಾವೇ ಹೊತ್ತರೆ ನಮ್ಮ ಕೆಲಸ ಮಾಡೋರು ಯಾರು?" ಮಾತಿನಲ್ಲಿ ಹುರುಳಿದೆ. 2021ರಲ್ಲಿ ಕತಾರಿನಲ್ಲಿ ಬಂದ ನಿಯಮದಂತೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸ ನಿಷಿದ್ಧ; ಬಿಸಿಲು, ತೇವ, ಗಾಳಿ ಸೇರಿಸಿ ಅಳೆಯುವ ತಾಪಮಾನ 32.1 ಡಿಗ್ರಿ ದಾಟಿದರೆ ಯಾವ ಹೊತ್ತಾದರೂ ಕೆಲಸ ನಿಲ್ಲಬೇಕು. ಮೊದಲಿದ್ದದ್ದು 11.30ರಿಂದ 3, ಅದೂ ಜೂನ್ 15ರಿಂದ ಆಗಸ್ಟ್ ಕೊನೆಯವರೆಗೆ. ಅದೇ ವರ್ಷದ ಮಾರ್ಚಿನಿಂದ ತಿಂಗಳಿಗೆ 1000 ರಿಯಾಲ್ ಕನಿಷ್ಠ ವೇತನ, ಊಟ ವಸತಿ ಕೊಡದಿದ್ದರೆ ಮೇಲೆ 300, 500. ಎಷ್ಟೋ ಮೃದು ಹೃದಯಗಳು ಮಾಡದಿದ್ದ ಕೆಲಸವನ್ನು ಒಂದು ಥರ್ಮಾಮೀಟರ್ ಮಾಡಿತು ಎಂದು ವೈದ್ಯರಾಗಿ ಒಪ್ಪುತ್ತೇವೆ. ಆದರೆ ನೆಲಮಾಳಿಗೆಯಲ್ಲಿ ಬಿಸಿಲಿಲ್ಲ, ಬದಲಿ ಆಳು ಬರುವುದು ಎಷ್ಟು ತಡವಾಯಿತು ಎಂದು ಅಳೆಯುವ ಥರ್ಮಾಮೀಟರೂ ಇಲ್ಲ.

ಮುಂದಿನ ದಿನಗಳಲ್ಲಿ ಆ ಪುಸ್ತಕವನ್ನು ಸೂಪರ್‌ವೈಸರ್ ಬರೆಯುವುದೂ ಇಲ್ಲ, ಕಂಪ್ಯೂಟರ್ ಬರೆಯುತ್ತದೆ. ಊಟ ತಲುಪಿಸುವ ಹುಡುಗರ ಗತಿ ಈಗಲೇ ಹಾಗಿದೆ. ನಮ್ಮ ಕರ್ನಾಟಕ 2025ರಲ್ಲಿ ಅಂಥವರಿಗಾಗಿ ಒಂದು ಕಾಯ್ದೆ ಮಾಡಿತು. ಪ್ರತಿ ವ್ಯವಹಾರದ ಪಾವತಿಯಲ್ಲಿ ಶೇಕಡಾ 1ರಿಂದ 5 ಕಲ್ಯಾಣ ನಿಧಿಗೆ. ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣ, 14 ದಿನದ ನೋಟೀಸು. ಈ 'ಕಾರಣ' ಎನ್ನುವುದೇ ನಮಗೆ ಮುಖ್ಯವಾಗಿ ಕಂಡದ್ದು. ಯಾಕೆ ಎಂದು ಕೇಳಿದರೆ ಉತ್ತರ ಕೊಡುವ ಒಬ್ಬ ಮನುಷ್ಯ ಎಲ್ಲೋ ಇರಲೇಬೇಕು.

ಹೀಗೆಲ್ಲ ಬರೆದು ಶ್ರೀಮತಿಯವರಿಗೆ ಓದಿ ಹೇಳಿದೆವು. ಅವರು ಕೇಳಿದ್ದು ಒಂದೇ: "ನಮ್ಮ ಮನೆಯಾಕೆಗೆ ರಜೆ ಯಾವತ್ತು?" ಶುಕ್ರವಾರ ಎಂದೆವು. ಕಳೆದ ನಾಲ್ಕು ಶುಕ್ರವಾರ ಯಾರ್‍ಯಾರು ಊಟಕ್ಕೆ ಬಂದಿದ್ದರು ಎಂದು ಅವರು ಎಣಿಸಿದರು. ಮನೆಗೆಲಸದವರಿಗೆ ದಿನಕ್ಕೆ ಹತ್ತೇ ಗಂಟೆ ಕೆಲಸ, ವಾರಕ್ಕೆ ಪೂರ್ತಿ ಒಂದು ದಿನ ಸಂಬಳಸಹಿತ ರಜೆ ಎಂದು ಈ ದೇಶದ 2017ರ ಕಾನೂನೇ ಹೇಳುತ್ತದೆ. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಅಲ್ಲಿಯೇ ಸುರಿದು ಬನ್ನಿ ಎಂದ ಲಕ್ಕಮ್ಮನ ಕಥೆಯನ್ನು ಬಸವ ಜಯಂತಿಯಲ್ಲಿ ನಾವೇ ವೇದಿಕೆಯಿಂದ ಹೇಳಿದ್ದೇವೆ. ನಮ್ಮ ಮನೆಯಲ್ಲಿ ಹೆಚ್ಚಾದದ್ದು ಅಕ್ಕಿಯಲ್ಲ, ಇನ್ನೊಬ್ಬಳ ಶುಕ್ರವಾರಗಳು. ಈಗ ಶುಕ್ರವಾರ ಪಾತ್ರೆ ನಮ್ಮದು. ಅತಿಥಿಗಳು ಬಂದರೆ ಚಿತ್ರಾನ್ನ ಮಾತ್ರ, ಬೇಸರಿಸಬಾರದು.

ಹುಡುಗನ ಒಪ್ಪಿಗೆ ಪಡೆದು ನಾಲ್ಕನೆಯ ಚೀಟಿಯನ್ನು ಅವನ ಸೂಪರ್‌ವೈಸರನ ಹೆಸರಿಗೆ ಬರೆದೆವು: ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಬದಲಿ ಆಳು ಕಳಿಸತಕ್ಕದ್ದು. ಜಗಳ ಬರುತ್ತದೆ ಎಂದುಕೊಂಡಿದ್ದೆವು. ವಾರದ ಮೇಲೆ ಆತನೇ ಬಂದ. ಐವತ್ತರ ಹತ್ತಿರದ ಮನುಷ್ಯ, ಕಣ್ಣ ಕೆಳಗೆ ಕಪ್ಪು. ಚೀಟಿಯಂತೆ ನಡೆಸುತ್ತಿದ್ದೇನೆ, ಬದಲಿ ಆಳಿಲ್ಲದ ದಿನ ನಾನೇ ನಿಲ್ಲುತ್ತೇನೆ ಎಂದ. ತೋಳು ಚಾಚಿ ಬಿ.ಪಿ. ನೋಡಿ ಎಂದ. 170/110 ಇತ್ತು. ಎಷ್ಟು ಗಂಟೆ ಡ್ಯೂಟಿ ಎಂದು ಕೇಳಿದೆವು. ಆತ ಉತ್ತರ ಕೊಡದೆ, ಇಪ್ಪತ್ತೆರಡನೆಯ ಮಹಡಿಯಲ್ಲಿ ಕೂರುವ ತನ್ನ ಮ್ಯಾನೇಜರನ ಹೆಸರು ಹೇಳಿ, ಅದರ ಸ್ಪೆಲಿಂಗ್ ಬರೆದುಕೊಳ್ಳಿ ಡಾಕ್ಟರ್ ಎಂದ.