ಕಾಯುವ ಕಣ್ಣು

ವಿ.ಸಿ. ಫಾರಂನ ಭತ್ತದ ತಾಕುಗಳಿಗೂ ಕಾವಲು ಬೇಕು, ಪಣಂಬೂರಿನ ನವಮಂಗಳೂರು ಬಂದರಿಗೂ ಬೇಕು. 2001ರ ಅಮೆರಿಕದ ದಾಳಿಗಳ ನಂತರ ರೂಪುಗೊಂಡ ಅಂತರರಾಷ್ಟ್ರೀಯ ಹಡಗು-ಬಂದರು ಭದ್ರತಾ ಸಂಹಿತೆ 2004ರ ಜುಲೈ 1ರಂದು ಜಾರಿಗೆ ಬಂತು. ಬಂದರಿನ ಪ್ರವೇಶದ ಮೇಲೂ ಆವರಣದ ಮೇಲೂ ನಿಗಾ ಕಡ್ಡಾಯವಾಯಿತು. ತಪ್ಪೇನಿಲ್ಲ, ಪರರ ಸರಕು ಕಾಯುವುದೂ ಅಮಾನತ್ತೇ.

ಗದ್ದೆಯ ಬೆರ್ಚಪ್ಪ ಹಕ್ಕಿಯ ಜಾತಿ ಕೇಳುವುದಿಲ್ಲ. ಕ್ಯಾಮೆರಾವೂ ಕೇಳುವುದಿಲ್ಲ, ಅದರ ಹಿಂದೆ ಕೂತ ಮನುಷ್ಯ ಕೇಳಬಹುದು. ಗಡ್ಡ, ಹರಕು ಅಂಗಿ ಕಂಡಲ್ಲಿ ಅವನ ಕಣ್ಣು ಹೆಚ್ಚು ಹೊತ್ತು ನಿಂತರೆ ಕಾವಲು ಹೋಗಿ ಗುಮಾನಿಯಾಗುತ್ತದೆ. ಕುರ್‌ಆನಿನ ಹುಜುರಾತ್ ಅಧ್ಯಾಯ ಗುಮಾನಿಯನ್ನೂ ಗೂಢಚರ್ಯೆಯನ್ನೂ ಒಟ್ಟಿಗೇ ತಡೆಯುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು.

ಆದ್ದರಿಂದ ಕೂಲಿಯವನ ಮೇಲಿರುವ ಕಣ್ಣು ಅಧಿಕಾರಿಯ ಬಾಗಿಲ ಮೇಲೂ ಇರಲಿ. ದೃಶ್ಯವನ್ನು ಯಾರು, ಏಕೆ ನೋಡಿದರೆಂಬುದೂ ದಾಖಲಾಗಲಿ. ನೋಡುವವನೂ ಲೆಕ್ಕ ಕೊಡಬೇಕಾದವನೇ. ಇಲ್ಲಿ ಕಾನೂನಿಗೆ, ಅಲ್ಲಿ ಅಲ್ಲಾಹನಿಗೆ.