ದಂಡವೂ ಪ್ರಾಯಶ್ಚಿತ್ತವೂ

ತಪ್ಪು ಮಾಡಿದವನಿಗೆ ಶಿಕ್ಷೆಯನ್ನು ವಿಧಿಸಬೇಕಾದವರು ಯಾರು? ಈ ಪ್ರಶ್ನೆಗೆ ನಮ್ಮ ಧರ್ಮಶಾಸ್ತ್ರಕಾರರು ಎರಡು ಉತ್ತರಗಳನ್ನು ಕೊಟ್ಟಿದ್ದಾರೆ. ರಾಜನು ವಿಧಿಸುವುದು ದಂಡ. ತಪ್ಪಿತಸ್ಥನು ತನ್ನ ದೋಷವನ್ನು ತಾನೇ ಅರಿತು, ಪರಿಷತ್ತಿನ ಮುಂದೆ ಅದನ್ನು ಹೇಳಿಕೊಂಡು, ತಾನಾಗಿ ಕೈಕೊಳ್ಳುವುದು ಪ್ರಾಯಶ್ಚಿತ್ತ. ಮೊದಲನೆಯದಕ್ಕೆ ಸಾಕ್ಷಿಗಳು ಬೇಕು, ಭಟರು ಬೇಕು. ಎರಡನೆಯದು ತಪ್ಪಿತಸ್ಥನಿಂದಲೇ ಆರಂಭವಾಗುತ್ತದೆ. ಈಗಿನ ಕಾಲದಲ್ಲಿ ದಂಡವು ಎಲ್ಲೆಡೆಯೂ ಬೆಳೆದುಕೊಂಡಿದೆ. ಬೀದಿಯ ತಿರುವುಗಳಲ್ಲಿಯೂ ಕ್ಯಾಮೆರಾ ಕಣ್ಣು ತೆರೆದು ನಿಂತಿದೆ. ಪ್ರಾಯಶ್ಚಿತ್ತವಾದರೋ ಹಳೆಯ ಗ್ರಂಥಗಳೊಳಗೆ ಅಡಗಿ ಹೋಯಿತೆಂದು ಬಹುಮಂದಿಯ ಅಭಿಪ್ರಾಯ. ಹಾಗಿರುವಲ್ಲಿ, ಅದು ಮಕ್ಕಳ ಆಟವೊಂದರಲ್ಲಿ ಇನ್ನೂ ಜೀವದಿಂದಿದೆಯೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಆ ಆಟವೇ ಹಾಯಿದೋಣಿಯ ಪಂದ್ಯ.

ಬೆಂಗಳೂರಿನ ದಂಡುಪ್ರದೇಶದವರಿಗೆ ಹಾಯಿದೋಣಿ ತೀರ ಅಪರಿಚಿತವಾದುದೇನೂ ಅಲ್ಲ. ಹಲಸೂರು ಕೆರೆಯ ದಡದಲ್ಲಿಯೇ ಮದ್ರಾಸ್ ಎಂಜಿನಿಯರ್ ಗ್ರೂಪಿನ ನೆಲೆಯಿದೆ. ಆ ನೀರಿನಲ್ಲಿ ಬಿಳಿಯ ಹಾಯಿಗಳು ಸಂಚರಿಸುವುದನ್ನು ಲಿಂಗರಾಜಪುರ, ಕಾಕ್ಸ್ ಟೌನುಗಳಿಂದ ಸಂಜೆಯ ತಿರುಗಾಟಕ್ಕೆ ಹೋದವರು ಕಂಡಿರುವುದುಂಟು. ಸೈನ್ಯದ ಇದೇ ಎಂಜಿನಿಯರ್ ದಳದವರು 1985ರಲ್ಲಿ ಹಾಯಿನೌಕೆಯೊಂದರಲ್ಲಿ ಹೊರಟು, ಭೂಮಂಡಲವನ್ನು ಸುತ್ತಿ, 1987ರ ಜನವರಿಯಲ್ಲಿ ಮುಂಬಯಿಯನ್ನು ಸೇರಿದರು. ಆ ನೌಕೆಯ ಹೆಸರು ‘ತೃಷ್ಣಾ’. ಸಕಲ ದುಃಖಕ್ಕೂ ಮೂಲವೆಂದು ದಾರ್ಶನಿಕರು ದೂರಮಾಡುವ ವಸ್ತುವನ್ನೇ ಹಾಯಿಗೆ ಕಟ್ಟಿ ಲೋಕವನ್ನು ಸುತ್ತಿದ ಈ ಸೈನಿಕರ ಧೈರ್ಯಕ್ಕೆ ಏನೆನ್ನಬೇಕು! ಕೆರೆಯ ವಿಷಯದಲ್ಲಿ ಮಾತ್ರ ಇಷ್ಟು ಸಂತೋಷದಿಂದ ಬರೆಯುವಂತಿಲ್ಲ. 2016ರ ಮಾರ್ಚಿಯಲ್ಲಿ ಅಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಆ ಪಾಪಕ್ಕೆ ಯಾರು ಪ್ರಾಯಶ್ಚಿತ್ತ ಮಾಡಿಕೊಂಡರೋ ತಿಳಿಯದು.

ಲಿಂಗರಾಜಪುರದ ಹದಿನಾಲ್ಕು ವರ್ಷದ ಬಾಲಕನೊಬ್ಬನು ಈ ಆಟಕ್ಕೆ ತೊಡಗಿದನೆಂದು ಭಾವಿಸೋಣ. ಅವನ ವಾಹನವು ‘ಆಪ್ಟಿಮಿಸ್ಟ್’ ಎಂಬ ಡಿಂಗಿ; 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತನು ಮಕ್ಕಳಿಗಾಗಿಯೇ ರೂಪಿಸಿದ್ದು. ಅದರ ಉದ್ದ ಎಂಟು ಅಡಿಗೂ ಸ್ವಲ್ಪ ಕಡಿಮೆ, ತೂಕ ಸುಮಾರು 35 ಕಿಲೋಗ್ರಾಮು, ಹಾಯಿ ಒಂದೇ. ನೋಡಿದರೆ ಸ್ನಾನದ ಕೊಪ್ಪರಿಗೆಗೆ ಪಟ ಕಟ್ಟಿದಂತಿದೆ. ಅದರಲ್ಲಿ ಕುಳಿತವನು ಒಬ್ಬನೇ. ನೀರಿಗಿಳಿದ ಮೇಲೆ ತಂದೆಯ ಮಾತಾಗಲಿ ಗುರುವಿನ ಸನ್ನೆಯಾಗಲಿ ಅಲ್ಲಿಗೆ ಮುಟ್ಟದು. ಮಳೆಗಾಲದಲ್ಲಿ ಹೈದರಾಬಾದಿನ ಹುಸೇನ್ ಸಾಗರ, ಆಮೇಲೆ ಚೆನ್ನೈಯ ಬಂದರು, ಹೀಗೆ ಒಂದು ವರ್ಷದ ಪಂದ್ಯಗಳಿಗೆ ಹೋಗಿಬರುವಷ್ಟರಲ್ಲಿ ಗೃಹಸ್ಥನ ಗಂಟು ಕರಗುತ್ತದೆ. ತಾಯಿಯು ತನ್ನ ಒಂದೆರಡು ಆಸೆಗಳನ್ನು ಮಾತಿಲ್ಲದೆ ಮುಂದಕ್ಕೆ ಹಾಕಿರುತ್ತಾಳೆ. ಹುಡುಗನಿಗೆ ಇದೆಲ್ಲವೂ ಗೊತ್ತು. ಮಕ್ಕಳಿಗೆ ಇಂಥವು ಗೊತ್ತಾಗುವುದಿಲ್ಲವೆಂದು ತಿಳಿಯುವುದು ಹಿರಿಯರ ಭ್ರಮೆ.

ಪಂದ್ಯವು ಒಂದೇ ಓಟದಲ್ಲಿ ಮುಗಿಯುವುದಿಲ್ಲ. ಕೆಲವು ದಿನಗಳವರೆಗೆ ಅನೇಕ ಓಟಗಳು ನಡೆಯುತ್ತವೆ. ಮೊದಲು ಬಂದವನಿಗೆ ಒಂದು ಅಂಕ, ಎರಡನೆಯವನಿಗೆ ಎರಡು. ಕೊನೆಗೆ ಯಾರ ಮೊತ್ತ ಕಡಿಮೆಯೋ ಅವನೇ ಜಯಶಾಲಿ. ಇದರಲ್ಲಿ ಒಂದು ಕರುಣೆಯೂ ಉಂಟು: ಪ್ರತಿಯೊಬ್ಬನೂ ತನ್ನ ಅತ್ಯಂತ ಕೆಟ್ಟ ಓಟವೊಂದನ್ನು ಸಾಮಾನ್ಯವಾಗಿ ಲೆಕ್ಕದಿಂದ ಬಿಟ್ಟುಬಿಡಬಹುದು. ಗಾಳಿಯು ಯಾರ ಅಧೀನವೂ ಅಲ್ಲವಷ್ಟೆ. ಊರ ನಡುವಣ ಕೆರೆಗಳಲ್ಲಂತೂ ಎತ್ತರದ ಕಟ್ಟಡಗಳಿಗೆ ತಾಗಿ ಅದು ಕ್ಷಣಕ್ಕೊಂದು ದಿಕ್ಕಿಗೆ ತಿರುಗುತ್ತದೆ, ಮುಂದಿದ್ದವನು ಹಿಂದಾಗುತ್ತಾನೆ. ದೈವವು ಒಂದು ದಿನ ಕೈಬಿಟ್ಟಿತೆಂದು ವರ್ಷದ ಪುರುಷಪ್ರಯತ್ನವೆಲ್ಲ ನೀರಿಗೆ ಹೋಗಬಾರದೆಂಬುದು ಈ ವಿನಾಯಿತಿಯ ತಾತ್ಪರ್ಯ.

ಈಗ ಪ್ರಶ್ನೆಗೆ ಬರೋಣ. ಓಟದ ದಾರಿಯನ್ನು ತೋರಿಸಲು ನೀರಿನಲ್ಲಿ ದೊಡ್ಡ ಬುರುಡೆಗಳನ್ನು ತೇಲಬಿಟ್ಟಿರುತ್ತಾರೆ. ಅವನ್ನು ಸುತ್ತಿ ಬರಬೇಕು, ಮುಟ್ಟಬಾರದು. ಕೊನೆಯ ಓಟದಲ್ಲಿ ನಮ್ಮ ಹುಡುಗನು ಎರಡನೆಯವನಾಗಿ ಬುರುಡೆಯನ್ನು ಸುತ್ತುವಾಗ ದೋಣಿಯ ಹಿಂಬದಿಯು ಅದನ್ನು ಸವರಿತು. ಸದ್ದಾಗಲಿಲ್ಲ. ಮುಂದಿದ್ದವನು ಮುಂದಕ್ಕೆ ನೋಡುತ್ತಿದ್ದಾನೆ. ಹಿಂದಿನವನಿಗೆ ಇವನ ಹಾಯಿಯೇ ಮರೆ. ತೀರ್ಪುಗಾರರ ಮೋಟಾರು ದೋಣಿ ಬಹುದೂರದಲ್ಲಿದೆ. ನಿಯಮವೇನೆಂದರೆ, ಬುರುಡೆಯನ್ನು ಮುಟ್ಟಿದವನು ಕೂಡಲೆ ಇತರರಿಂದ ದೂರಕ್ಕೆ ಸರಿದು, ತನ್ನ ದೋಣಿಯನ್ನು ಇದ್ದಲ್ಲಿಯೇ ಒಂದು ಪೂರ್ಣ ಸುತ್ತು ತಿರುಗಿಸಬೇಕು. ಬೇರೊಂದು ದೋಣಿಗೆ ಅನ್ಯಾಯವಾಗಿ ಅಡ್ಡಬಂದಿದ್ದರೆ ಎರಡು ಸುತ್ತು. ಹಾಗೆ ತಿರುಗುವಷ್ಟರಲ್ಲಿ ನಾಲ್ಕೈದು ದೋಣಿಗಳು ದಾಟಿ ಹೋಗುತ್ತವೆ, ವರ್ಷದ ಫಲವು ಕೈತಪ್ಪುತ್ತದೆ. ಯಾರೂ ನೋಡಿಲ್ಲ. ಅವನು ತಿರುಗಬೇಕೇ?

ಈ ನಿಯಮದ ರಚನೆಯನ್ನು ಸ್ವಲ್ಪ ಸೂಕ್ಷ್ಮವಾಗಿ ಗಮನಿಸುವುದು ಒಳ್ಳೆಯದು. ತಿರುಗುವವನು ಇತರರಿಗೆ ಅಡ್ಡಿಯಾಗಕೂಡದು. ಅಂದರೆ ಒಬ್ಬನ ಪರಿಶುದ್ಧಿಯ ಭಾರವು ಮತ್ತೊಬ್ಬನ ಮೇಲೆ ಬೀಳಕೂಡದು. ತಪ್ಪಿನಿಂದ ಹೆಚ್ಚಿನ ಲಾಭವಾಗಿದ್ದರೆ ಸುತ್ತು ಸಾಲದು, ಓಟವನ್ನೇ ಬಿಡಬೇಕು. ಕದ್ದ ವಸ್ತುವನ್ನು ಒಡೆಯನಿಗೆ ಹಿಂದಿರುಗಿಸದೆ ಕೃಚ್ಛ್ರವನ್ನು ಆಚರಿಸಿ ಪ್ರಯೋಜನವಿಲ್ಲವೆಂಬ ಸ್ಮೃತಿಕಾರರ ಮತಕ್ಕೂ ಇದಕ್ಕೂ ಎಷ್ಟು ಹತ್ತಿರ! ಎಲ್ಲಕ್ಕಿಂತ ಮುಖ್ಯವಾದುದು, ಸುತ್ತು ಸಣ್ಣದು. ಹದಿನಾಲ್ಕು ವರ್ಷದ ಮಗುವೂ ಸ್ವಂತ ಶಕ್ತಿಯಿಂದ ತೆರಬಲ್ಲಷ್ಟೇ ಅದರ ಬೆಲೆ.

ಮಹಾಭಾರತದ ಶಾಂತಿಪರ್ವದಲ್ಲಿ ಶಂಖಲಿಖಿತರ ಕಥೆಯಿದೆ. ಬಾಹುದಾ ನದಿಯ ತೀರದಲ್ಲಿ ಅಣ್ಣತಮ್ಮಂದಿರ ಆಶ್ರಮಗಳು. ಅಣ್ಣನಾದ ಶಂಖನು ಇಲ್ಲದಾಗ ಲಿಖಿತನು ಅವನ ತೋಟದ ಹಣ್ಣುಗಳನ್ನು ಕೇಳದೆ ಕಿತ್ತು ತಿಂದನು. ಅಣ್ಣನು ಹಿಂದಿರುಗಿ, ಇದು ಕಳವು, ರಾಜನ ಬಳಿಗೆ ಹೋಗಿ ದಂಡವನ್ನು ಬೇಡು ಎಂದನು. ಲಿಖಿತನು ಹೋದನು, ಸುದ್ಯುಮ್ನರಾಜನು ಎಷ್ಟು ಸಮಾಧಾನ ಹೇಳಿದರೂ ಕೇಳದೆ ದಂಡವನ್ನೇ ಬೇಡಿ, ಎರಡು ಕೈಗಳನ್ನೂ ಕಳೆದುಕೊಂಡು ಬಂದನು. ಬಳಿಕ ನದಿಯಲ್ಲಿ ಮಿಂದಾಗ ಕೈಗಳು ಮತ್ತೆ ಮೂಡಿದವು. ಇಲ್ಲಿ ವಿಧಿಸಿದವನು ರಾಜನಾದರೂ ಬೇಡಿದವನು ತಪ್ಪಿತಸ್ಥನೇ; ದಂಡವೂ ಪ್ರಾಯಶ್ಚಿತ್ತವೂ ಒಂದಾಗಿವೆ. ಕಥೆ ಉನ್ನತವಾದುದು, ಸಂದೇಹವಿಲ್ಲ. ಆದರೆ ನಾಲ್ಕು ಹಣ್ಣಿಗೆ ಎರಡು ಕೈ! ಮತ್ತೆ ಕೈ ಮೂಡಿಸುವ ನದಿಯು ಎಲ್ಲರ ಊರಲ್ಲಿಯೂ ಹರಿಯುವುದಿಲ್ಲ. ಒಪ್ಪಿಕೊಂಡರೆ ಕೈಯೇ ಹೋಗುವುದೆಂದು ಬಲ್ಲ ಮಗುವು ಒಪ್ಪಿಕೊಳ್ಳುವುದಿಲ್ಲ, ಅಡಗಿಸುವುದನ್ನು ಕಲಿಯುತ್ತದೆ. ಅನೇಕ ಮನೆಗಳಲ್ಲಿ, ಪಾಠಶಾಲೆಗಳಲ್ಲಿ, ಮಕ್ಕಳು ಸುಳ್ಳುಗಾರರಾಗುವುದು ದಂಡದ ಕೊರತೆಯಿಂದಲ್ಲ, ಅದರ ಅತಿರೇಕದಿಂದ. ಹಾಯಿದೋಣಿಯ ನಿಯಮವನ್ನು ಕಟ್ಟಿದವರು ಈ ವಿಷಯದಲ್ಲಿ ಶಂಖಮುನಿಗಿಂತ ಹೆಚ್ಚು ಲೋಕಜ್ಞರೆಂದೇ ಹೇಳಬೇಕು.

ಆದರೂ ಆಕ್ಷೇಪವು ಉಳಿಯುತ್ತದೆ. ಬುರುಡೆಯನ್ನು ಸವರಿದ್ದರಿಂದ ಯಾರಿಗೂ ನಷ್ಟವಿಲ್ಲ, ಇವನಿಗೆ ಲಾಭವೂ ಇಲ್ಲ. ತಂದೆತಾಯಿಗಳ ಖರ್ಚನ್ನು ಯಾರೂ ಕಾಣದ ಒಂದು ಸ್ಪರ್ಶಕ್ಕೆ ಬಲಿಕೊಡುವುದು ಧರ್ಮವೇ? ಈ ಮಾತನ್ನು ಹಗುರವಾಗಿ ತಳ್ಳಿಬಿಡುವವರು ಬಡತನವನ್ನು ಕಾಣದವರು. ಅದಕ್ಕೆ ಉತ್ತರ ಇಷ್ಟೇ: ಮೂರನೆಯವನಾಗಿ ಬರುತ್ತಿರುವವನ ಮನೆಯಲ್ಲಿಯೂ ಒಬ್ಬ ತಾಯಿಯಿದ್ದಾಳೆ. ಅವನು ಬುರುಡೆಯಿಂದ ಒಂದು ಗೇಣು ಹೆಚ್ಚು ದೂರವಿಟ್ಟು, ಅಷ್ಟು ಹೊತ್ತನ್ನು ಕಳೆದುಕೊಂಡು ಸುತ್ತಿದನು. ನಷ್ಟ ಕಾಣದಿರುವುದಕ್ಕೆ ಕಾರಣ, ಅದನ್ನು ಹೊತ್ತವನು ಹಿಂದೆ ಇರುವುದು.

ಈ ಆಟದವರೆಲ್ಲರೂ ಸಂತರೆಂದು ತಿಳಿಯಬೇಕಾಗಿಲ್ಲ. ಗಾಳಿ ಕುಗ್ಗಿದಾಗ ಮೈಯನ್ನು ತೂಗಿಯೋ ಹಾಯಿಯನ್ನು ಬೀಸಣಿಗೆಯಂತೆ ಮತ್ತೆ ಮತ್ತೆ ಎಳೆದೋ ದೋಣಿಯನ್ನು ನೂಕುವುದು ನಿಷಿದ್ಧ. ಗಾಳಿಯೂ ನೀರೂ ಸಾಗಿಸಿದಷ್ಟೇ ಸಾಗಬೇಕು. ಈ ಒಂದು ವಿಷಯದಲ್ಲಿ ಸ್ವಯಂಸಾಕ್ಷಿಯು ಸಾಲದೆ ಹೋಯಿತು. ಈಗ ದೊಡ್ಡ ಪಂದ್ಯಗಳಲ್ಲಿ ತೀರ್ಪುಗಾರರು ಮೋಟಾರು ದೋಣಿಯಲ್ಲಿ ಹಿಂಬಾಲಿಸಿ, ಸೀಟಿ ಊದಿ, ಹಳದಿ ಬಾವುಟವನ್ನು ತೋರಿಸುತ್ತಾರೆ. ಆಗಲೂ ತಪ್ಪಿತಸ್ಥನು ತಿರುಗುವುದು ಅವೇ ಎರಡು ಸುತ್ತುಗಳನ್ನು. ಆದರೆ ಅದು ಪ್ರಾಯಶ್ಚಿತ್ತವಲ್ಲ, ದಂಡ. ಒಂದೇ ನೀರು, ಒಂದೇ ದೋಣಿ, ಒಂದೇ ಚಲನೆ. ಸೀಟಿಯ ಮುನ್ನವೋ ಅನಂತರವೋ ಎಂಬುದರಿಂದ ಕರ್ಮದ ಜಾತಿಯೇ ಬದಲಾಗುತ್ತದೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ನಮ್ಮವರಾದ ನೇಹಾ ಠಾಕೂರ್ ರಜತವನ್ನೂ, ಸೈನ್ಯದ ವಿಷ್ಣು ಸರವಣನ್ ಕಂಚನ್ನೂ ಡಿಂಗಿ ಪಂದ್ಯಗಳಲ್ಲಿ ಗಳಿಸಿದರು. ಸಂತೋಷವೇ ಸರಿ. ಪದಕ, ಬಹುಮಾನ, ಉದ್ಯೋಗಗಳು ಹೆಚ್ಚಿದಂತೆ ಸೀಟಿಗಳೂ ಹೆಚ್ಚುವುವೆಂಬುದು ಮಾತ್ರ ನಿಶ್ಚಯ.

ಇದೇ ನಿಯಮಗ್ರಂಥದ ಆರಂಭದಲ್ಲಿ, ಅಪಾಯದಲ್ಲಿರುವವರಿಗೆ ಪ್ರತಿಯೊಬ್ಬನೂ ಸಾಧ್ಯವಾದ ಸಹಾಯವನ್ನೆಲ್ಲ ಮಾಡಬೇಕೆಂಬ ವಿಧಿಯಿದೆ. 1988ರ ಸೋಲ್ ಒಲಿಂಪಿಕ್ಸಿನ ಹಾಯಿ ಪಂದ್ಯಗಳು ಪುಸಾನಿನಲ್ಲಿ ನಡೆದಾಗ ಎರಡನೆಯವನಾಗಿ ಸಾಗುತ್ತಿದ್ದ ಕೆನಡಾದ ಲಾರೆನ್ಸ್ ಲೆಮ್ಯೂ ಎಂಬಾತನು, ದೋಣಿ ಮಗುಚಿ ಬಿರುಗಾಳಿಗೆ ಸಿಕ್ಕಿದ್ದ ಸಿಂಗಪುರದ ಇಬ್ಬರನ್ನು ರಕ್ಷಿಸಲು ತನ್ನ ದಾರಿಯನ್ನು ಬಿಟ್ಟು ತಿರುಗಿದನು. ತೀರ್ಪುಗಾರರು ಆ ಓಟದ ಎರಡನೆಯ ಸ್ಥಾನವನ್ನು ಅವನಿಗೇ ಕೊಟ್ಟರು. ಒಟ್ಟಿನಲ್ಲಿ ಅವನಿಗೆ ದೊರೆತುದು 11ನೆಯ ಸ್ಥಾನ, ಪದಕವಿಲ್ಲ. ಪರರಿಗಾಗಿ ಆದ ನಷ್ಟವನ್ನು ಗ್ರಂಥವು ತುಂಬಿಕೊಡುತ್ತದೆ. ದುರದೃಷ್ಟದ ಒಂದು ಓಟವನ್ನು ಬಿಟ್ಟುಬಿಡಲು ಒಪ್ಪುತ್ತದೆ. ಆದರೆ ನ್ಯಾಯವಾದ ಆಟದ ತತ್ತ್ವವನ್ನೇ ಮುರಿದವನಿಗೆ, ಲೆಕ್ಕದಿಂದ ಎಂದಿಗೂ ಬಿಡಲಾಗದ ಅನರ್ಹತೆಯನ್ನು ವಿಧಿಸಲು ಪಂಚರಿಗೆ ಅಧಿಕಾರವನ್ನಿತ್ತಿದೆ. ಆ ಅನರ್ಹತೆಯು ಮೂರಕ್ಷರಗಳ ಸಂಕೇತವಾಗಿ ಫಲಿತಾಂಶದ ಹಾಳೆಯಲ್ಲಿ ಎಲ್ಲರ ಕಣ್ಣಿಗೂ ಕಾಣುವಂತೆ ನಿಲ್ಲುತ್ತದೆ.

ಸ್ವಯಂಕೃತವಾದ ಸುತ್ತಿಗೆ ಅಂಥ ಸಂಕೇತವೊಂದೂ ಇಲ್ಲ. ಹುಡುಗನು ತಿರುಗಿದನೆಂದು ಇಟ್ಟುಕೊಳ್ಳೋಣ. ದಡದಲ್ಲಿ ನಿಂತವರಿಗೆ ಕಂಡದ್ದು, ಚೆನ್ನಾಗಿ ಸಾಗುತ್ತಿದ್ದ ದೋಣಿಯೊಂದು ಹಠಾತ್ತಾಗಿ ಗರಗರನೆ ತಿರುಗಿ ಹಿಂದೆ ಬಿದ್ದದ್ದು. ಮಗುವಿಗೆ ಚುಕ್ಕಾಣಿ ಹಿಡಿಯಲು ಬಾರದೆಂದು ಒಬ್ಬಿಬ್ಬರು ಮರುಗಿದರು. ಸಂಜೆ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಅವನ ಹೆಸರಿನ ಎದುರಿಗೆ 6 ಎಂದಿದೆ, ಅಷ್ಟೆ. ರೈಲು ಇಳಿದು ಲಿಂಗರಾಜಪುರದ ಮನೆಯ ಹೊಸ್ತಿಲನ್ನು ದಾಟುತ್ತಲೇ ಅವನನ್ನು ಕೇಳುವ ಮೊದಲ ಪ್ರಶ್ನೆ, “ಎಷ್ಟನೆಯವನಾಗಿ ಬಂದೆಯಪ್ಪಾ?” ಎಂಬುದು. ಅದಕ್ಕೆ ಅವನ ಬಳಿ ಇರುವ ಉತ್ತರವೂ ಆ ಅಂಕಿಯೊಂದೇ.